ಒಂದೇ ಒಂದು ಹೆಸರು ಹೇಳಿ ಎನ್ನುವವರಿಗೆ

"ಇಷ್ಟೊಂದು ಸಂಗೀತ ಕಚೇರಿಗೆ ಹೋಗುತ್ತೀರಲ್ಲ, ನಿಮ್ಮ ಪ್ರಕಾರ ನಂಬರ್ ಒನ್ ಯಾರು?"

ಈ ಪ್ರಶ್ನೆಯನ್ನು ನನಗೆ ಉಡುಪಿಯ ರಥಬೀದಿಯಲ್ಲಿ ನಿಲ್ಲಿಸಿ ಕೇಳಿದ್ದಾರೆ. ಮಂಗಳೂರಿನ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕಂಬಿ ಹಿಡಿದು ಜೋತಾಡುತ್ತಾ ಕೇಳಿದ್ದಾರೆ. ತಿಥಿ ಊಟದ ಪಂಕ್ತಿಯಲ್ಲಿ ಪಾಯಸಕ್ಕೆ ಕಾಯುತ್ತಾ ಕೇಳಿದ್ದಾರೆ. ಹಲ್ಲಿನ ಡಾಕ್ಟರೊಬ್ಬರು ನನ್ನ ಬಾಯಿಯೊಳಗೆ ಕನ್ನಡಿ ಇಟ್ಟುಕೊಂಡೇ ಕೇಳಿದ್ದಾರೆ. ಅವರೊಬ್ಬರಿಗೆ ಮಾತ್ರ ನಾನು ಒರಟಾಗಿ ಉತ್ತರಿಸಿಲ್ಲ. ಬಾಯಿ ಖಾಲಿ ಇರಲಿಲ್ಲ.

ಇನ್ನು ಮುಂದೆ ಬಾಯಲ್ಲಿ ಹೇಳುವುದಿಲ್ಲ. ಇಲ್ಲಿ ಬರೆದಿಡುತ್ತೇನೆ, ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ. ಉತ್ತರ ಇಷ್ಟೇ: ನಂಬರ್ ಒನ್ ಯಾರೂ ಇಲ್ಲ. ಇಷ್ಟು ಸಾಕು ಎನ್ನುವವರು ಇಲ್ಲಿಗೇ ಓದುವುದನ್ನು ನಿಲ್ಲಿಸಬಹುದು.

ಸಾಕಾಗುವುದಿಲ್ಲ ಎಂದು ಗೊತ್ತು. "ಹಾಗಲ್ಲ ಮಾರಾಯರೇ, ಒಂದೇ ಒಂದು ಹೆಸರು ಹೇಳಿ" ಎನ್ನುತ್ತೀರಿ. ಹೀಗೆ ಒತ್ತಾಯ ಮಾಡುವವರ ಕಿಸೆಯಲ್ಲಿ ಒಂದು ಹೆಸರು ಮೊದಲೇ ಇರುತ್ತದೆ. ನಾನು ಅದನ್ನೇ ಹೇಳಿದರೆ "ನಾನು ಯಾವಾಗಲೋ ಹೇಳಿದ್ದೆ" ಎಂದು ಹೆಂಡತಿಯ ಕಡೆ ತಿರುಗುತ್ತಾರೆ. ಬೇರೆ ಹೆಸರು ಹೇಳಿದರೆ, ಪಾಪ ಇವಳಿಗೆ ಕೇಳಲು ಬರುವುದಿಲ್ಲ ಎಂಬಂತೆ ನನ್ನನ್ನು ನೋಡುತ್ತಾರೆ. ನನ್ನ ಪರಿಚಯದ ಒಬ್ಬರು ಇದ್ದಾರೆ. ಯಾವ ಗಾಯಕರ ಹೆಸರು ಹೇಳಿದರೂ ಅವರದು ಒಂದೇ ಮಾತು: "ಒಳ್ಳೆಯವರೇ, ಆದರೆ ಈಗ ಮೊದಲಿನ ಹಾಗಿಲ್ಲ." ಈ ಮಾತು ಯಾರಿಗೂ ಹೊಂದುತ್ತದೆ, ಯಾವ ಕಾಲಕ್ಕೂ ಹೊಂದುತ್ತದೆ. ಇದೊಂದನ್ನು ಕಲಿತರೆ ಕಚೇರಿಗೆ ಹೋಗುವ ತೊಂದರೆಯೇ ಇಲ್ಲ. ಅವರು ಹೋಗುವುದೂ ಇಲ್ಲ.

ಶಾಸ್ತ್ರೀಯ ಸಂಗೀತದವರನ್ನು ಹೇಗೋ ಸಹಿಸಿಕೊಳ್ಳಬಹುದು. ಯಕ್ಷಗಾನದವರ ಮುಂದೆ ಈ ಪ್ರಶ್ನೆ ಎತ್ತಿ ನೋಡಿ. ಯಕ್ಷಗಾನದ ಹಾಡುಗಾರರು, ಅಂದರೆ ಭಾಗವತರು, ಆಗಿದ್ದ ಕಾಳಿಂಗ ನಾವಡರು ತೀರಿಕೊಂಡದ್ದು 1990ರಲ್ಲಿ, ಮೂವತ್ತರ ಆಚೀಚೆಯ ವಯಸ್ಸಿನಲ್ಲಿ. "ನಾವಡರು ಹೋದ ಮೇಲೆ ನಾನು ಭಾಗವತಿಕೆ ಕೇಳುವುದನ್ನೇ ಬಿಟ್ಟೆ" ಎಂದು ಈಚೆಗೆ ಒಬ್ಬ ನನ್ನೆದುರು ಎದೆ ತಟ್ಟಿಕೊಂಡು ಹೇಳಿದ. ವಯಸ್ಸು ಲೆಕ್ಕ ಹಾಕಿದರೆ ನಾವಡರು ಹೋದಾಗ ಆತ ತೊಟ್ಟಿಲಿನಲ್ಲಿದ್ದಿರಬೇಕು. ಕ್ಯಾಸೆಟ್ಟಿನಲ್ಲಿ ಕೇಳಿ ಮೆಚ್ಚಿದ್ದಾನೆ, ಸಂತೋಷ. ಆದರೆ ಬಿಟ್ಟದ್ದು ಯಾವುದನ್ನು?

ತೆಂಕಿನ, ಅಂದರೆ ಯಕ್ಷಗಾನದ ದಕ್ಷಿಣದ ಶೈಲಿಯ, ಕಡೆಯವರಾದರೆ ಬಲಿಪ ನಾರಾಯಣ ಭಾಗವತರ ಹೆಸರು ಹೇಳುತ್ತಾರೆ. 2023ರಲ್ಲಿ ಅವರು ಹೋದಾಗ ನನಗೂ ಅಳು ಬಂದಿತ್ತು. ಅವರ ಏರುಶ್ರುತಿ ರಂಗಸ್ಥಳದ ದೀಪ ಕಾಣಿಸುವ ಮೊದಲೇ ಗದ್ದೆ ದಾಟಿ ಬಂದು ನಮ್ಮನ್ನು ಎದುರುಗೊಳ್ಳುತ್ತಿತ್ತು. ಹಾಗೆಂದು ಅವರನ್ನೂ ಸಭಾಂಗಣದಲ್ಲಿ ಕೂತು ಎರಡೂವರೆ ಗಂಟೆ ಹಾಡುವ ವಿದ್ವಾಂಸರನ್ನೂ ಒಂದೇ ತಕ್ಕಡಿಯಲ್ಲಿ ಹೇಗೆ ತೂಗುವುದು? ಭಾಗವತರಿಗೆ ಹಾಡುವುದು ಕೆಲಸದ ಅರ್ಧ ಭಾಗ ಮಾತ್ರ. ಕೈಯಲ್ಲಿ ಜಾಗಟೆ, ಕಣ್ಣು ವೇಷಧಾರಿಯ ಕಾಲಿನ ಮೇಲೆ, ಕಿವಿ ಚೆಂಡೆ ಮದ್ದಳೆಗಳ ಮೇಲೆ. ಕುಣಿಯುವವನಿಗೆ ದಣಿವಾದರೆ ಪದ್ಯವನ್ನು ಮುಗಿಸಬೇಕು, ಉಮೇದು ಬಂದರೆ ಎಳೆಯಬೇಕು. ನಮ್ಮ ಆಫೀಸಿನ ಕ್ರೈಸ್ತ ಸಹೋದ್ಯೋಗಿಗೆ ಇವರ್‍ಯಾರೂ ಬೇಡ. ಅವಳ ಪಾಲಿಗೆ 2010ರಲ್ಲಿ ಹೋದ ವಿಲ್ಫಿ ರೆಬಿಂಬಸ್ ಒಬ್ಬರೇ ಗಾಯಕರು. ವಿಲ್ಫಿ ನೈಟ್ ಎಂಬ ಅವರ ಹಾಡಿನ ಕಾರ್ಯಕ್ರಮ ಎಂದರೆ ಮನೆಗೆ ಬೀಗ ಹಾಕಿ ಎಲ್ಲರೂ ಹೋಗುತ್ತಿದ್ದರಂತೆ. ಅವಳು ಆ ಕೊಂಕಣಿ ಹಾಡುಗಳನ್ನು ಗುನುಗುವಾಗ ನಂಬರ್ ಕೊಡುವ ಧೈರ್ಯ ನನಗಿಲ್ಲ.

ಇಷ್ಟಾದರೂ ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕಬಹುದಿತ್ತು. ಸಿಟ್ಟು ಖಾಯಂ ಆದದ್ದು ಒಂದು ಮದುವೆಯಲ್ಲಿ.

ಮಂಗಳೂರಿನ ಹೊರವಲಯದ ಒಂದು ಕಲ್ಯಾಣಮಂಟಪ. ಮಂಟಪದ ಎಡಗಡೆ, ಊಟದ ಹಾಲ್‌ಗೆ ಹೋಗುವ ಬಾಗಿಲಿನ ಪಕ್ಕ, ವಾದ್ಯದವರಿಗೆ ಒಂದು ಜಮಖಾನ ಹಾಸಿದ್ದರು. ಒಂದು ಸ್ಯಾಕ್ಸೋಫೋನ್, ಎರಡು ಡೋಲು, ತಾಳ, ಶ್ರುತಿಪೆಟ್ಟಿಗೆ. ನುಡಿಸುವವರಿಗೆ ನಲವತ್ತರ ಆಸುಪಾಸಿನ ವಯಸ್ಸು. ಖರಹರಪ್ರಿಯ ರಾಗ ಶುರು ಮಾಡಿದ್ದರು. ನನ್ನ ಕಿವಿ ಮೊದಲು ಆ ಕಡೆ ತಿರುಗಿದ್ದು ಗಾಂಧಾರಕ್ಕೆ. ಸ್ಯಾಕ್ಸೋಫೋನ್ ಕೀಲಿಗಳ ವಾದ್ಯ, ಒಂದು ಕೀಲಿ ಒತ್ತಿದರೆ ಒಂದು ಸ್ವರ. ನಮ್ಮ ರಾಗಕ್ಕೆ ಬೇಕಾದದ್ದು ಸ್ವರದಿಂದ ಸ್ವರಕ್ಕೆ ಜಾರುವ ದಾರಿ. ಅದನ್ನು ತುಟಿಯ ಬಿಗಿಯಿಂದ, ಉಸಿರಿನಿಂದ, ಕೀಲಿಯನ್ನು ಅರ್ಧ ಬಿಡುವುದರಿಂದ ಹುಟ್ಟಿಸಬೇಕು. ಇವರು ಹುಟ್ಟಿಸುತ್ತಿದ್ದರು. ರಾಗದ ಕೆಳಗಿನ ಅರ್ಧವಾದ ಪೂರ್ವಾಂಗದಲ್ಲಿ ಆತುರವಿಲ್ಲದೆ ಓಡಾಡಿ, ಪಂಚಮಕ್ಕೆ ಬಂದು, ಅಲ್ಲಿ ನಿಂತರು.

ಅಷ್ಟರಲ್ಲಿ ಪುರೋಹಿತರ ಕೈ ಮೇಲೆದ್ದಿತು. "ಗಟ್ಟಿಮೇಳ!"

ರಾಗ ಅಲ್ಲಿಗೇ ತುಂಡಾಯಿತು. ಡೋಲು ಸಿಡಿಯಿತು, ಸ್ಯಾಕ್ಸೋಫೋನ್ ಅರಚಿತು, ಅಕ್ಷತೆ ಹಾರಿತು, ಮಾಂಗಲ್ಯವಾಯಿತು, ಫೋಟೊದವರು ಎಲ್ಲರ ದೃಷ್ಟಿಗೆ ಅಡ್ಡ ನಿಂತರು. ಗದ್ದಲ ಇಳಿಯಿತು. ಆಗ ಆ ಮನುಷ್ಯ ತುಟಿ ಒರೆಸಿಕೊಂಡು, ಒಮ್ಮೆ ಶ್ರುತಿಗೆ ಕಿವಿ ಕೊಟ್ಟು, ಅದೇ ಪಂಚಮಕ್ಕೆ ಹಿಂತಿರುಗಿದರು. ಬಿಟ್ಟುಹೋದ ಜಾಗದಿಂದಲೇ ಮುಂದುವರಿಸಿ ಧೈವತದ ಕಡೆ ಹೊರಟರು. ಸಭೆಯಲ್ಲಿ ಒಂದು ಕೆಮ್ಮಿಗೆ ಗಮನ ಕದಲಿತೆಂದು ಬೇಸರಿಸುವ ದೊಡ್ಡವರನ್ನು ನಾನು ನೋಡಿದ್ದೇನೆ. ಇಲ್ಲಿ ಒಂದು ಮದುವೆಯೇ ನಡುವೆ ಹಾದುಹೋದರೂ ಇವರ ರಾಗ ಕದಲಲಿಲ್ಲ.

ಆಗಲೇ ವರನ ಕಡೆಯ ಸಂಬಂಧಿಕರೊಬ್ಬರು ಕುರ್ಚಿಯನ್ನು ನನ್ನ ಎದುರಿಗೆ ಎಳೆದುಕೊಂಡು, ವಾದ್ಯಕ್ಕೆ ಬೆನ್ನು ಹಾಕಿ ಕೂತರು. ವಾದ್ಯದ ಸದ್ದನ್ನು ಮೀರಿಸಲು ಗಂಟಲು ಏರಿಸಿದರು. "ನಿಮಗೆ ಸಂಗೀತದ ಹುಚ್ಚಂತೆ. ನಿಮ್ಮ ಪ್ರಕಾರ ನಂಬರ್ ಒನ್ ಯಾರು?"

"ಸದ್ಯಕ್ಕೆ ನಿಮ್ಮ ಬೆನ್ನ ಹಿಂದೆ ಇರುವವರು" ಎಂದೆ.

ಅವರು ಗಡಬಡಿಸಿ ತಿರುಗಿದರು. ಯಾರೋ ದೊಡ್ಡ ವಿದ್ವಾಂಸರು ಮದುವೆಗೆ ಬಂದಿದ್ದಾರೆಂದು ತಿಳಿದರು. ಸಾಲುಸಾಲಾಗಿ ಮುಖಗಳನ್ನು ಹುಡುಕಿದರು. ಕಣ್ಣು ವಾದ್ಯದವರ ಮೇಲೂ ಹಾದಿತು, ಆದರೆ ನಿಲ್ಲಲಿಲ್ಲ. "ಎಲ್ಲಿ? ಯಾರು?" ಎಂದರು. ನಾನು ಬೆರಳು ತೋರಿಸಿದೆ. ದೊಡ್ಡದಾಗಿ ನಕ್ಕರು, ತಮಾಷೆ ಎಂದುಕೊಂಡರು. ನಗು ಮುಗಿದ ಮೇಲೆ ಗಂಭೀರರಾಗಿ, "ಸ್ಯಾಕ್ಸೋಫೋನ್ ಎಂದರೆ ಕದ್ರಿ ಗೋಪಾಲನಾಥರು. ಅವರ ನಂತರ ಯಾರೂ ಇಲ್ಲ" ಎಂದು ತೀರ್ಪು ಕೊಟ್ಟರು.

ಗೋಪಾಲನಾಥರು ದೊಡ್ಡವರು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅವರು ಬಂದದ್ದು ಎಲ್ಲಿಂದ? 1949ರಲ್ಲಿ ಬಂಟ್ವಾಳದ ಸಜಿಪಮೂಡದಲ್ಲಿ ಹುಟ್ಟಿದರು. ತಂದೆ ತನಿಯಪ್ಪನವರು ನಾಗಸ್ವರ ನುಡಿಸುವವರು. ಮಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದರ ಬೆನ್ನು ಹತ್ತಿದರು. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ಆ ಹಿತ್ತಾಳೆಯ ವಾದ್ಯದಲ್ಲಿ ಕರ್ನಾಟಕ ಸಂಗೀತ ನುಡಿಯುತ್ತದೆ ಎಂದು ಮಂಗಳೂರಿನ ಗೋಪಾಲಕೃಷ್ಣ ಅಯ್ಯರ್ ಅವರ ಬಳಿ ಕಲಿತು, ವರ್ಷಗಟ್ಟಲೆ ತಿದ್ದಿ ತೀಡಿ ತೋರಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಬಿಬಿಸಿಯ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸಿದರು. 2004ರಲ್ಲಿ ಪದ್ಮಶ್ರೀ ಬಂತು. 2019ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಇದೆಲ್ಲ ಆ ಸಂಬಂಧಿಕರಿಗೂ ಬಾಯಿಪಾಠ. ವಾದ್ಯದವರ ಮನೆಯಿಂದ ಬಂದ ಒಬ್ಬರನ್ನು ಲಂಡನ್ ಮೆಚ್ಚಿದ ಮೇಲೆ ಮೆಚ್ಚುವುದು ಸುಲಭ. ಅದೇ ಊರಿನ, ಅದೇ ವಾದ್ಯದ, ಅದೇ ಬಗೆಯ ಜಮಖಾನದ ಮೇಲೆ ಕೂತ ಇನ್ನೊಬ್ಬರು ಹತ್ತಡಿ ದೂರದಲ್ಲಿ ನುಡಿಸುತ್ತಿದ್ದರೆ ಕುರ್ಚಿ ತಿರುಗಿಸಿ ಕೂರುತ್ತಾರೆ.

ಇದು ಆ ಒಬ್ಬರ ಮೇಲಿನ ದೂರಲ್ಲ. ಇವತ್ತು ನಾನು ಹೋಗುವ ಮದುವೆಗಳಲ್ಲಿ ನಾಗಸ್ವರಕ್ಕಿಂತ ಸ್ಯಾಕ್ಸೋಫೋನ್ ಹೆಚ್ಚು. ಎಲ್ಲರೂ ಚೆನ್ನಾಗಿ ನುಡಿಸುತ್ತಾರೆ ಎಂದು ನಾನು ಹೇಳುವುದಿಲ್ಲ. ಕೆಲವರು ಸಿನಿಮಾ ಹಾಡಿಗೆ ಇಳಿದರೆ ಊಟ ಮುಗಿಯುವವರೆಗೂ ಮೇಲೇಳುವುದಿಲ್ಲ. ಆದರೆ ಯಾರು ಚೆನ್ನಾಗಿ ನುಡಿಸುತ್ತಾರೆ ಎಂದು ತಿಳಿಯಲು ಬಾಯಿ ಮುಚ್ಚಿ ಐದು ನಿಮಿಷ ಕೇಳಬೇಕು. ನಂಬರ್ ಒನ್ ಹುಡುಕುವವರಿಗೆ ಆ ಐದು ನಿಮಿಷ ಸಿಗುವುದಿಲ್ಲ.

ನನ್ನನ್ನು ಕೇಳಲೇಬೇಕೆಂದಿದ್ದರೆ ಬೇರೆ ಪ್ರಶ್ನೆ ಕೇಳಿ. ಯಾರ ಜೊತೆ ಕೂತು ಕೇಳಿದಿರಿ ಎಂದು ಕೇಳಿ. ಇದುವರೆಗೆ ಒಬ್ಬರೂ ಕೇಳಿಲ್ಲ.

ಕೇಳಿದರೆ ರಾಯರ ಬಗ್ಗೆ ಹೇಳುತ್ತೇನೆ. ರಾಯರು ಬ್ಯಾಂಕಿನಿಂದ ನಿವೃತ್ತರು. (ನಮ್ಮ ಜಿಲ್ಲೆಯಲ್ಲಿ ನಿವೃತ್ತರಾದವರೆಲ್ಲ ಬ್ಯಾಂಕಿನಿಂದಲೇ ನಿವೃತ್ತರಾಗಿರುತ್ತಾರೆ.) ಹಾಡಲು ಬರುವುದಿಲ್ಲ, ಸ್ವರ ಬರೆಯಲು ಬರುವುದಿಲ್ಲ. ಆದರೆ ಯಾವ ಸಭಾಂಗಣದಲ್ಲಿ ಎಲ್ಲಿ ಕೂರಬೇಕೆಂದು ಗೊತ್ತು. ನಮ್ಮಲ್ಲಿ ಧ್ವನಿವರ್ಧಕ ನೋಡಿಕೊಳ್ಳುವ ಹುಡುಗ ನಿನ್ನೆ ಆರ್ಕೆಸ್ಟ್ರಾಕ್ಕೆ ಹಾಕಿದ ಲೆಕ್ಕದಲ್ಲೇ ಇವತ್ತು ಮೃದಂಗಕ್ಕೂ ಹಾಕುತ್ತಾನೆ. ಎಡದ ಮುಚ್ಚಿಗೆಯ ಗುಂಕಾರ ಎದೆಗೆ ಗುದ್ದುತ್ತದೆ, ಪಿಟೀಲು ಕೇಳಿಸುವುದೇ ಇಲ್ಲ. ಆಗ ರಾಯರು ಎದ್ದು ಹೋಗಿ ಪಕ್ಕದ ಕಂಬದ ಮರೆಯಲ್ಲಿ ಕೂರುತ್ತಾರೆ. ಅಲ್ಲಿ ವಾದ್ಯದ ನಿಜವಾದ ದನಿ ಬರುತ್ತದೆ.

ಹಾಡು ನಿಲ್ಲಿಸಿ ಮೃದಂಗದವರಿಗಷ್ಟೇ ನುಡಿಸಲು ಬಿಡುವ ತನಿ ಆವರ್ತನ ಶುರುವಾದೊಡನೆ ಅರ್ಧ ಸಭೆ ಕಾಫಿಗೆ ಏಳುತ್ತದಲ್ಲ, ಆಗ ರಾಯರು ಇನ್ನಷ್ಟು ನೆಟ್ಟಗೆ ಕೂರುತ್ತಾರೆ. ಮೊದಮೊದಲು ನಾನೂ ತಾಳ ಹಾಕುತ್ತಾ ಲೆಕ್ಕ ತಪ್ಪಿಸಿಕೊಂಡು ಕೈ ಬಿಡುತ್ತಿದ್ದೆ. ಅವರು ಏನೂ ಹೇಳಲಿಲ್ಲ, ತಮ್ಮ ಕೈಯನ್ನು ನನಗೆ ಕಾಣುವ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ತಾಳ ಹಾಕತೊಡಗಿದರು. ಆ ಕೈ ನೋಡುತ್ತಾ ಕೊನೆಗೆ ಲೆಕ್ಕ ಹಾಕಿ ನುಡಿಸುವ ಕೋರ್ವೆ ಎಲ್ಲಿ ಹೊರಡುತ್ತದೆ, ಹಾಡು ಎತ್ತಿಕೊಳ್ಳುವ ಜಾಗವಾದ ಎಡುಪ್ಪಿಗೆ ಹೇಗೆ ಬಂದು ಕೂರುತ್ತದೆ ಎಂದು ಕಲಿತೆ. ನನ್ನ ಮೆಚ್ಚಿನವರ ಪಟ್ಟಿಯಲ್ಲಿ ಈಗ ಅರ್ಧದಷ್ಟು ಮೃದಂಗದವರು, ಖಂಜಿರದವರು. ಅವರ ಹೆಸರನ್ನು ನಂಬರ್ ಒನ್ ಕೇಳುವವರ ಮುಂದೆ ಹೇಳಿದರೆ "ಅಲ್ಲ, ಹಾಡುವವರಲ್ಲಿ ಹೇಳಿ" ಎನ್ನುತ್ತಾರೆ.

ಒಂದು ಸಂಜೆಯ ವಿಷಯ ಹೇಳಿ ಮುಗಿಸುತ್ತೇನೆ. ಉಡುಪಿಯಲ್ಲಿ ಒಂದು ಕಚೇರಿ. ಗಾಯಕಿಗೆ ಭಯಂಕರ ಶೀತ. ಕಚೇರಿಗೆ ಮೊದಲು ಸಭಾ ಕಾರ್ಯಕ್ರಮ: ಸ್ವಾಗತ, ಪ್ರಾಸ್ತಾವಿಕ, ಅಧ್ಯಕ್ಷರ ನುಡಿ, ಶಾಲು, ಹಾರ, ಫಲತಾಂಬೂಲ, ಸನ್ಮಾನಪತ್ರ ವಾಚನ, ಧನ್ಯವಾದ, ಧನ್ಯವಾದದಲ್ಲಿ ಬಿಟ್ಟುಹೋದವರಿಗೆ ಮತ್ತೊಮ್ಮೆ ಧನ್ಯವಾದ. ಅಷ್ಟೂ ಹೊತ್ತು ಆಕೆ ಕರವಸ್ತ್ರ ಹಿಡಿದು ವೇದಿಕೆಯ ಬದಿಯಲ್ಲಿ ಕೂತಿದ್ದರು. ಶುರುವಿಗೆ ಹಾಡುವ ವರ್ಣದಲ್ಲೇ ತಾರಷಡ್ಜ, ಅಂದರೆ ಮೇಲಿನ ಸಾ, ಕೈಕೊಟ್ಟಿತು. ಜನ ಏಳತೊಡಗಿದರು. ನಾನೂ ಚಪ್ಪಲಿಯ ಕಡೆ ನೋಡಿದೆ. ರಾಯರು ತಲೆ ಅಲ್ಲಾಡಿಸಿ "ಈಗ ಇರಬೇಕು" ಎಂದರು.

ಆಕೆ ತೋಡಿ ರಾಗ ಎತ್ತಿಕೊಂಡರು. ಮೇಲಿನ ಷಡ್ಜದ ದಾರಿ ಮುಚ್ಚಿದೆ ಎಂದು ಅವರಿಗೂ ಗೊತ್ತು, ನಮಗೂ ಗೊತ್ತು. ಮಂದ್ರದಿಂದ ಮಧ್ಯಸ್ಥಾಯಿಯ ಧೈವತದವರೆಗಿನ ಆ ಇಕ್ಕಟ್ಟಿನ ಜಾಗದಲ್ಲೇ ಗಾಂಧಾರವನ್ನು ಅಲುಗಿಸುತ್ತಾ, ಪ್ರತಿ ಸಲ ಹೊಸ ಕಡೆಯಿಂದ ಅದರ ಬಳಿಗೆ ಬರುತ್ತಾ ಹೋದರು. ಪಿಟೀಲಿನವರು ಇಂಗಿತ ಅರಿತು, ಬೇಕೆಂದರೆ ಸಲೀಸಾಗಿ ಏರಬಹುದಾಗಿದ್ದರೂ ತಾವೂ ಮೇಲೆ ಹೋಗಲಿಲ್ಲ. ಆ ಮರ್ಯಾದೆಯನ್ನು ಗಮನಿಸಿ ರಾಯರು ನನ್ನತ್ತ ನೋಡಿದರು. ಖಾಲಿ ಕುರ್ಚಿಗಳ ನಡುವೆ ಉಳಿದ ನಾವೊಂದಿಷ್ಟು ಜನ ಒಬ್ಬರನ್ನೊಬ್ಬರು ನೋಡಿಕೊಂಡೆವು. ಅವರಲ್ಲಿ ಹೆಚ್ಚಿನವರು ಈಗ ನನ್ನ ಸ್ನೇಹಿತರು.

ಮುಂದೆ ಅದೇ ಗಾಯಕಿಯನ್ನು ಮಂಗಳೂರಿನಲ್ಲಿ ಕೇಳಿದೆ. ಕಂಠ ಗಂಟೆಯ ಹಾಗಿತ್ತು. ಸಭೆ ತುಂಬಿತ್ತು. ಒಂದೂ ನೆನಪಿಲ್ಲ. ಈಗ ಹೇಳಿ, ಆಕೆಗೆ ನಾನು ಯಾವ ನಂಬರ್ ಕೊಡಲಿ? "ಆ ತೋಡಿಯ ರೆಕಾರ್ಡಿಂಗ್ ಇದ್ದರೆ ಕಳಿಸಿ" ಎಂದು ಒಬ್ಬರು ಕೇಳಿದ್ದರು. ಇಲ್ಲ. ಇದ್ದರೂ ನಿಮಗೆ ಅದರಲ್ಲಿ ಕೇಳಿಸುವುದು ಶೀತ ಮಾತ್ರ.

ಶನಿವಾರ ಸಂಜೆ ಒಂದು ಕಚೇರಿ ಇದೆ. ಹಾಡುವವರು ಹೊಸಬರು, ನೀವು ಹೆಸರು ಕೇಳಿರುವುದಿಲ್ಲ. ಸಭಾ ಕಾರ್ಯಕ್ರಮ ಇಲ್ಲವಂತೆ, ರಾಯರು ಫೋನ್ ಮಾಡಿ ಖಚಿತಪಡಿಸಿಕೊಂಡಿದ್ದಾರೆ. ಬರುವುದಾದರೆ ಬನ್ನಿ, ಕಂಬದ ಪಕ್ಕ ಜಾಗ ಹಿಡಿದಿರುತ್ತೇವೆ. ತನಿ ಆವರ್ತನದ ಹೊತ್ತಿಗೆ ಕಾಫಿಗೆ ಎದ್ದು ಹೋದರೆ ಮಾತ್ರ ನಿಮ್ಮ ಕುರ್ಚಿಗೆ ನಾನು ಜವಾಬ್ದಾರಳಲ್ಲ. ರಾಯರು ಅದರ ಮೇಲೆ ತಮ್ಮ ಕೊಡೆ ಇಟ್ಟುಬಿಡುತ್ತಾರೆ, ಮಂಗಳ ಮುಗಿಯುವವರೆಗೆ ತೆಗೆಯುವುದಿಲ್ಲ.