ಅಜ್ಜ ಕಿತ್ತ ಕರಕಿ, ನಾನು ಹಚ್ಚಿದ ಕರಕಿ

ಮೊದಲ ವರ್ಷ ನನ್ನನ್ನು ಹಾಸ್ಟೆಲ್ಲಿಗೆ ಬಿಡಲು ಅಪ್ಪನ ಜೊತೆ ಅಜ್ಜನೂ ಮುನಿರಾಬಾದಿಗೆ ಬಂದಿದ್ದ. ಟ್ರಂಕು, ಹಾಸಿಗೆ, ಅವ್ವ ಕಟ್ಟಿಕೊಟ್ಟ ಶೇಂಗಾ ಹಿಂಡಿ ಎಲ್ಲಾ ಇಳಿಸಿಕೊಂಡು ತೋಟಗಾರಿಕೆ ಕಾಲೇಜಿನ ಮುಂದೆ ನಿಂತಿದ್ದೆವು. ಮಾಲಿಯೊಬ್ಬ ಪೈಪು ಹಿಡಿದು ಲಾನಿಗೆ ನೀರು ಬಿಡುತ್ತಿದ್ದ. ಅಜ್ಜ ಬಗ್ಗಿ ಒಂದು ಎಳೆ ಕಿತ್ತ. ಗೆಣ್ಣು ಮುಟ್ಟಿ ನೋಡಿದ. ಆಮೇಲೆ ನನ್ನ ಮುಖ ನೋಡಿದ.

"ಯವ್ವಾ, ಇದು ಕರಕಿ ಅಲ್ಲೇನು?"

"ಹೂಂ ಅಜ್ಜಾ."

"ಇದಕ್ಕ ನೀರು ಬ್ಯಾರೆ ಬಿಡ್ತಾರ?"

ಅಜ್ಜನ ಸಂಕಟ ಎರಿ ಭೂಮಿಯವರಿಗೆ ಮಾತ್ರ ಗೊತ್ತು. ನಮ್ಮದು ಯಲಬುರ್ಗಾ ಕಡೆಯ ಹೊಲ. ಕಪ್ಪು ಮಣ್ಣು. ಅದರಲ್ಲಿ ಕರಕಿ ಒಮ್ಮೆ ಬೇರೂರಿತು ಅಂದರೆ ಮುಗಿಯಿತು. ಮೇಲೆ ಕಿತ್ತರೆ ಕೆಳಗೆ ಓಡುತ್ತದೆ. ಒಂದು ಗೆಣ್ಣು ಉಳಿದರೂ ಮುಂದಿನ ಮಳೆಗೆ ಮತ್ತೆ ಹಾಜರು. ಅಜ್ಜ ಪ್ರಾಯದಲ್ಲಿ ಎಷ್ಟು ಬೇಸಿಗೆ ಗುದ್ದಲಿ ಹಿಡಿದು ಆಳಕ್ಕೆ ಅಗೆದು, ಬೇರು ಆಯ್ದು, ಬದುವಿನ ಮೇಲೆ ಒಣಹಾಕಿ ಸುಟ್ಟಿದ್ದಾನೋ ಲೆಕ್ಕವಿಲ್ಲ. ಅಂಥವನ ಮೊಮ್ಮಗಳು ಫೀಸು ಕಟ್ಟಿ, ಕರಕಿ ಹಚ್ಚುವುದು ಹೇಗೆ ಅಂತ ಕಲಿಯಲು ಬಂದಿದ್ದಳು!

ಹಚ್ಚುವುದನ್ನು ನಿಜವಾಗಿಯೂ ಕಲಿಸಿದರು. ಪುಸ್ತಕದಲ್ಲಿ ಅದರ ಹೆಸರು ಸೈನೊಡಾನ್ ಡ್ಯಾಕ್ಟಿಲಾನ್. ದಕ್ಷಿಣದವರಿಗೆ ಗರಿಕೆ. ಮಣ್ಣನ್ನು ಒಂದಡಿ ಅಗೆದು, ಜೇಕಿನ ಗಡ್ಡೆ ಒಂದೂ ಉಳಿಯದಂತೆ ಆಯ್ದು, ಸಮ ಮಾಡಿ, 10 ಸೆಂಟಿಮೀಟರಿಗೆ ಒಂದರಂತೆ ಬೇರಿನ ತುಂಡು ಊರಬೇಕು. ಪ್ರಾಕ್ಟಿಕಲ್ಲಿನಲ್ಲಿ ನನ್ನ ಪಾತಿ ಎಲ್ಲರಿಗಿಂತ ಮೊದಲು ಹಸಿರಾಯಿತು. ಯಾವ ಗೆಣ್ಣಿಗೆ ಜೀವ ಜಾಸ್ತಿ ಅನ್ನುವುದು ನಮ್ಮ ಮನೆಯಲ್ಲಿ ಮಕ್ಕಳಿಗೂ ಗೊತ್ತು. ಅಜ್ಜನಿಗೆ ಇದನ್ನು ಫೋನಿನಲ್ಲಿ ಹೇಳಲಿಲ್ಲ ಬಿಡಿ.

ತೋಟಗಾರಿಕೆ ಓದಲು ನಾನು ಬಂದದ್ದು ಲಾನಿಗಾಗಿ ಅಲ್ಲ, ದಾಳಿಂಬೆಗಾಗಿ. ಅಪ್ಪ ಎರಡು ಎಕರೆ ಮಸಾರಿಯಲ್ಲಿ, ಅಂದರೆ ಕೆಂಪು ಮಣ್ಣಿನಲ್ಲಿ, ಭಗವಾ ತಳಿ ಹಾಕಿದ್ದ. ಮೂರನೇ ಬೆಳೆಗೆ ದುಂಡಾಣು ಅಂಗಮಾರಿ ಬಂತು. ಎಲೆಯ ಮೇಲೆ ಎಣ್ಣೆ ಹನಿ ಬಿದ್ದಂತೆ ಚುಕ್ಕೆ, ಆಮೇಲೆ ಕಾಯಿಯ ಮೇಲೆ ಕಪ್ಪು ಕಲೆ, ಕೊನೆಗೆ ಕಾಯಿ ಬಾಯಿಬಿಟ್ಟು ಸೀಳಿತು. ಅಪ್ಪ ಕಾಯಿಗಳನ್ನು ಬುಟ್ಟಿಯಲ್ಲಿ ತುಂಬಿ ಗುಂಡಿಗೆ ಸುರಿದದ್ದು ನೋಡಿದ್ದೇನೆ. ಸಿಇಟಿ ಮುಗಿದ ಮೇಲೆ ಕೃಷಿಕರ ಮಕ್ಕಳ ಕೋಟಾಕ್ಕೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಬೀಜ, ಮಣ್ಣು, ಸಲಕರಣೆ ಎಲ್ಲ ಮುಂದಿಟ್ಟು ಇದೇನು, ಅದೇನು ಅಂತ ಕೇಳುತ್ತಾರೆ. ಅಲ್ಲಿ ನನಗೆ ಕಷ್ಟವಾಗಲಿಲ್ಲ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ 2008ರಲ್ಲಿ ಶುರುವಾಗದಿದ್ದರೆ, ಅದರ ಕಾಲೇಜು ನಮ್ಮ ಜಿಲ್ಲೆಗೆ ಬರದಿದ್ದರೆ, ಮನೆಯವರು ನನ್ನನ್ನು ದೂರ ಕಳಿಸುತ್ತಿದ್ದರೋ ಇಲ್ಲವೋ ಹೇಳಲಾರೆ.

ಮೂರನೇ ವರ್ಷ ರೋಗಶಾಸ್ತ್ರದ ತರಗತಿಯಲ್ಲಿ ಗೊತ್ತಾಯಿತು, ಆ ರೋಗ ಮಳೆಹನಿಯಿಂದ ಹರಡುವ ಹಾಗೆಯೇ ಗಿಡದ ಟೊಂಗೆ ಸವರುವ ಚಾಟಣಿ ಕತ್ತರಿಯಿಂದಲೂ ಹರಡುತ್ತದೆ. ಒಂದು ಗಿಡ ಕತ್ತರಿಸಿದ ಮೇಲೆ ಕತ್ತರಿಯನ್ನು ಔಷಧದ ನೀರಿನಲ್ಲಿ ಅದ್ದದೆ ಇನ್ನೊಂದಕ್ಕೆ ಹೋಗಬಾರದು. ನಮ್ಮ ತೋಟಕ್ಕೆ ಚಾಟಣಿಗೆ ಬಂದ ತಂಡ ಆ ವಾರ ನಾಲ್ಕು ತೋಟ ಮುಗಿಸಿಕೊಂಡು ಬಂದಿತ್ತು. ಅದೇ ಕತ್ತರಿ. ಆ ದಿನ ನೋಟ್ಸು ಬರೆಯಲು ಆಗಲಿಲ್ಲ. ಅಪ್ಪನಿಗೆ ಹೇಳಿದ್ದು ಒಂದು ವರ್ಷದ ಮೇಲೆ. ಅವನು "ಹೌದಾ" ಅಂದ, ಎದ್ದು ಎತ್ತಿಗೆ ಮೇವು ಹಾಕಲು ಹೋದ.

ಇರಲಿ, ಲ್ಯಾಂಡ್‌ಸ್ಕೇಪ್ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಹೂವಿನ ಬೇಸಾಯ ಮತ್ತು ಉದ್ಯಾನ ವಿನ್ಯಾಸ ಎರಡೂ ಒಂದೇ ವಿಭಾಗ. ಚೆಂಡುಹೂವು, ಸುಗಂಧರಾಜದ ಗೊಬ್ಬರದ ಲೆಕ್ಕ ಹೇಳುವ ಮೇಷ್ಟ್ರೇ ಮೊಘಲರ ನಾಲ್ಕು ಭಾಗದ ತೋಟ ಚಾರ್‌ಬಾಗ್ ಬಗ್ಗೆಯೂ ಹೇಳುತ್ತಾರೆ. ನಮ್ಮ ಮೇಷ್ಟ್ರು ಮಲೆನಾಡಿನವರು. ಮೊದಲ ಪ್ರಾಕ್ಟಿಕಲ್ ದಿನ ಆವರಣದ ಮರಗಳನ್ನೆಲ್ಲ ಪಟ್ಟಿ ಮಾಡಿ, ಗಿಡ ಬೇಡ ಅಂದರು. ನಾನು, ನನ್ನ ಗೆಳತಿ ಒಂದು ಗಂಟೆ ತಿರುಗಿ ಖಾಲಿ ಹಾಳೆ ಹಿಡಿದು ಬಂದೆವು. ನಮ್ಮ ಕಡೆ ಬೇವಿನ ಗಿಡ, ಹುಣಸಿ ಗಿಡ, ನೂರು ವರ್ಷದ ಆಲಕ್ಕೂ ಆಲದ ಗಿಡವೇ. ಮರ ಅಂದರೆ ಅವ್ವ ಜೋಳ ಹಸನು ಮಾಡುವ ಮರ. ಮೇಷ್ಟ್ರು ನಕ್ಕು ನಕ್ಕು ಸುಸ್ತಾದರು. ಆಮೇಲೆ ಅವರೂ ಬೇವಿನ ಗಿಡ ಅನ್ನಲು ಶುರುಮಾಡಿದರು.

ನಕ್ಷೆ ಬರೆಯುವುದು ನನಗೆ ಹುಚ್ಚಿನಂತೆ ಹಿಡಿಸಿತು. ಡ್ರಾಯಿಂಗ್ ಹಾಳೆ, ಟಿ ಸ್ಕೇಲು, ವೃತ್ತ ಬರೆಯುವ ಪ್ಲಾಸ್ಟಿಕ್ ಅಚ್ಚು. ದೊಡ್ಡ ವೃತ್ತ ಮರ, ಸಣ್ಣ ವೃತ್ತ ಪೊದೆ, ಚುಕ್ಕೆ ಚುಕ್ಕೆ ಇಟ್ಟರೆ ಲಾನು. ರಾತ್ರಿ ಹನ್ನೊಂದರವರೆಗೆ ಕೂತು ಬಣ್ಣ ತುಂಬುತ್ತಿದ್ದೆ. ಮೊದಲ ನಕ್ಷೆಗೆ ಮೇಷ್ಟ್ರು ಒಂದೇ ಮಾತು ಬರೆದಿದ್ದರು, "ಉತ್ತರ ಎಲ್ಲಿ?" ದಿಕ್ಕಿನ ಬಾಣ ಹಾಕುವುದು ಮರೆತಿದ್ದೆ. ಸಣ್ಣ ತಪ್ಪು ಅಂದುಕೊಂಡೆ.

ಪ್ರವಾಸಕ್ಕೆ ಬೆಂಗಳೂರಿಗೆ ಹೋದಾಗ ಲಾಲ್‌ಬಾಗ್ ನೋಡಿದೆವು. 1760ರಲ್ಲಿ ಹೈದರ್ ಅಲಿ ಶುರುಮಾಡಿದ ತೋಟ. ನನಗೆ ಗಾಜಿನ ಮನೆಗಿಂತ ಕ್ರುಂಬಿಗಲ್ ಕಥೆ ಹಿಡಿಸಿತು. ಜರ್ಮನಿಯ ಈ ತೋಟಗಾರ 1908ರಲ್ಲಿ ಲಾಲ್‌ಬಾಗಿಗೆ ಬಂದ. ಒಂದು ಜಾತಿಯ ಹೂವು ಉದುರುವ ಹೊತ್ತಿಗೆ ಇನ್ನೊಂದು ಅರಳಬೇಕು, ಊರು ವರ್ಷವಿಡೀ ಹೂವಿನಲ್ಲಿರಬೇಕು ಅನ್ನುವ ಲೆಕ್ಕದಲ್ಲಿ ಬೀದಿಗಳಿಗೆ ಮರ ಆರಿಸಿದ. ಬಸ್ಸಿನಲ್ಲಿ ವಾಪಸು ಬರುವಾಗ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಕೊಪ್ಪಳಕ್ಕೆ ಅಂಥದೇ ಒಂದು ಪಟ್ಟಿ ಬರೆದೆ. ಶಿವರಾತ್ರಿ ಹೊತ್ತಿಗೆ ಮುತ್ತುಗ. ಯುಗಾದಿಗೆ ಬೇವು, ಅದರ ಹಿಂದೆಯೇ ಹೊಂಗೆ. ಏಪ್ರಿಲ್, ಮೇಯಲ್ಲಿ ಕಕ್ಕೆ. ಮೇಯಲ್ಲಿ ಗುಲ್‌ಮೊಹರ್, ಅದು ಮಡಗಾಸ್ಕರಿನಿಂದ ಬಂದದ್ದಾದರೂ ಈಗ ನಮ್ಮದೇ. ದೀಪಾವಳಿ ಚಳಿಗೆ ಆಕಾಶಮಲ್ಲಿಗೆ. ಪಟ್ಟಿ ಚೆನ್ನಾಗಿತ್ತು. ಈಗ ನೋಡಿದರೆ ಅದರಲ್ಲಿ ನೆರಳಿನ ಬಗ್ಗೆ ಒಂದು ಮಾತೂ ಇಲ್ಲ.

ಕೊನೆಯ ವರ್ಷ ನಮ್ಮನ್ನು ಗುಂಪು ಮಾಡಿ ಹಳ್ಳಿಗೆ ಕಳಿಸುತ್ತಾರೆ. ಅಲ್ಲೇ ಇರಬೇಕು, ರೈತರ ಜೊತೆ ಕೆಲಸ ಮಾಡಬೇಕು. ನಮಗೆ ಸಿಕ್ಕಿದ್ದು ಕುಕನೂರು ಕಡೆಯ ಒಂದು ಊರು. ಮತ್ತೆ ಎರಿ ಮಣ್ಣು. ಸರ್ಕಾರಿ ಶಾಲೆಯ ಹೆಡ್‌ಮಾಸ್ತರು, "ನೀವು ಗಾರ್ಡನ್ ಓದೋರಂತಲ್ಲ, ನಮ್ಮ ಶಾಲೆಗೊಂದು ಪ್ಲಾನ್ ಹಾಕಿಕೊಡ್ರಿ" ಅಂದರು. ನನಗೆ ಅಷ್ಟೇ ಸಾಕಾಗಿತ್ತು. ನಾಲ್ಕು ದಿನದಲ್ಲಿ ನಕ್ಷೆ ಸಿದ್ಧ. ಈ ಸಲ ಉತ್ತರದ ಬಾಣವನ್ನು ಕೆಂಪು ಬಣ್ಣದಲ್ಲಿ ಹಾಕಿದ್ದೆ. ಮುಂದೆ ನಾಲ್ಕು ಗುಂಟೆ ಲಾನು, ನಡುವೆ ಧ್ವಜಕಟ್ಟೆ, ಸುತ್ತ ಡುರಾಂಟಾ ಬೇಲಿ, ಗೇಟಿನಿಂದ ಬಾಗಿಲವರೆಗೆ ಎರಡೂ ಕಡೆ ಗುಲಾಬಿ. ಹೆಡ್‌ಮಾಸ್ತರು ಅದನ್ನು ಆಫೀಸಿನ ಗೋಡೆಗೆ ಅಂಟಿಸಿಬಿಟ್ಟರು.

ಬಿಸಿಯೂಟದ ಅಡುಗೆ ಅಕ್ಕ ಸೌಟು ಹಿಡಿದೇ ಬಂದು ನೋಡಿದಳು. "ತಂಗೀ, ಚಂದ ಐತಿ. ಹುಡುಗ್ರು ಎಲ್ಲಿ ಕುಂತು ಉಣಬೇಕು ಇದರಾಗ?"

ನಾನು ಲಾನಿನ ಮೇಲೆ ಬೆರಳಿಟ್ಟೆ. ಅವಳು ಏನೂ ಅನ್ನಲಿಲ್ಲ. "ಊಟದ ಹೊತ್ತಿಗೆ ಬಾ" ಅಂದಳು.

ಅದು ಆಗಸ್ಟ್ ಎರಡನೇ ವಾರ. ನಮ್ಮ ಕಡೆ ಆ ವಾರ ಹನ್ನೆರಡೂವರೆ ಹೊತ್ತಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಇರುತ್ತಾನೆ. ಮೇ ತಿಂಗಳ ಆರಂಭದಲ್ಲಿಯೂ ಹಾಗೇ. ಧ್ವಜದ ಕಂಬಕ್ಕೆ ನೆರಳೇ ಇರಲಿಲ್ಲ, ಬುಡದಲ್ಲಿ ಒಂದು ಕಪ್ಪು ಚುಕ್ಕೆ ಅಷ್ಟೇ. ಸುಮಾರು ನೂರಾ ನಲವತ್ತು ಮಕ್ಕಳು ತಾಟು ಹಿಡಿದು ಹೊರಗೆ ಬಂದರು. ನನ್ನ ಲಾನು ಬರಬೇಕಾಗಿದ್ದ ಜಾಗದಲ್ಲಿ ಒಬ್ಬರೂ ನಿಲ್ಲಲಿಲ್ಲ. ಅರ್ಧ ಮಕ್ಕಳು ಇದ್ದ ಒಂದೇ ಬೇವಿನ ಕೆಳಗೆ ಕಿಕ್ಕಿರಿದರು. ಉಳಿದವರು ಗೋಡೆಗೆ ಬೆನ್ನು ಹಚ್ಚಿ, ಕಾಲು ಮಡಚಿ, ಸೂರಿನ ಒಂದು ಮೊಳದ ನೆರಳಿನಲ್ಲಿ ಸಾಲಾಗಿ ಕೂತರು. ಸೂರ್ಯ ಪಡುವಣಕ್ಕೆ ವಾಲಿದಂತೆ ಕಟ್ಟಡದ ಮೂಡಲ ಬದಿಗೆ ನೆರಳು ಅಗಲವಾಗುತ್ತಾ ಹೋಯಿತು, ಆಟಕ್ಕೆ ಬಿಟ್ಟ ಸಣ್ಣವರೂ ಅದರ ಜೊತೆಗೇ ಸರಿದರು. ಸುಮ್ನೆ ನೋಡುತ್ತಾ ನಿಂತೆ. ಉತ್ತರದ ಬಾಣ ಯಾಕೆ ಬೇಕು ಅನ್ನುವುದು ಆವತ್ತು ಅರ್ಥವಾಯಿತು. ಮಧ್ಯಾಹ್ನದ ಮೇಲೆ ಒಂದು ಜಾಗ ತಂಪಾಗಬೇಕಾದರೆ ಗಿಡ ಅದರ ಪಡುವಣಕ್ಕೆ ಇರಬೇಕು. ನಮ್ಮ ಹೊಲದಲ್ಲಿ ಎಮ್ಮೆ ಕಟ್ಟುವ ಗೂಟ ಬೇವಿನ ಮೂಡಲ ಬದಿಗೆ ಇದೆ. ಹುಟ್ಟಿದಾಗಿನಿಂದ ಅದನ್ನು ನೋಡುತ್ತಲೇ ಇದ್ದೇನೆ.

ಆ ರಾತ್ರಿ ನೀರಿನ ಲೆಕ್ಕವನ್ನೂ ಹಾಕಿದೆ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಅಂದರೆ ಒಂದು ಲೀಟರ್. ನಮ್ಮ ಬಿಸಿಲಿಗೆ ಲಾನಿಗೆ ದಿನಕ್ಕೆ ಐದು ಮಿಲಿಮೀಟರ್ ಅಂತ ಇಟ್ಟುಕೊಂಡರೂ, ನಾಲ್ಕು ಗುಂಟೆ ಸುಮಾರು 400 ಚದರ ಮೀಟರ್, ದಿನಕ್ಕೆ 2000 ಲೀಟರ್. 200 ಲೀಟರಿನ ಹತ್ತು ಡ್ರಮ್ಮು. ನಾವಿದ್ದ ಓಣಿಗೆ ನಳದ ನೀರು ನಾಲ್ಕು ದಿನಕ್ಕೊಮ್ಮೆ ಬರುತ್ತಿತ್ತು. ಜಿಲ್ಲೆಯ ವರ್ಷದ ಮಳೆಯೇ ಸುಮಾರು 600 ಮಿಲಿಮೀಟರ್. ನನ್ನ ಲಾನು ನಾಲ್ಕು ತಿಂಗಳಲ್ಲಿ ಅಷ್ಟನ್ನೂ ಕುಡಿದುಬಿಡುತ್ತಿತ್ತು.

ಇದು ಪುಸ್ತಕದ ತಪ್ಪಲ್ಲ. ಪುಸ್ತಕ ಇಂಗ್ಲಿಷ್ ಉದ್ಯಾನದ ಬಗ್ಗೆ ಹೇಳುವಾಗ ಇಂಗ್ಲೆಂಡಿನ ಮಳೆಯ ಬಗ್ಗೆಯೇ ಹೇಳುತ್ತಿರುತ್ತದೆ. ಕೇಳಿಸಿಕೊಳ್ಳುವವಳು ನಾನು, ಅಲ್ವಾ? ಕಾಲೇಜಿನಿಂದ ಹಂಪಿಗೆ ಎಷ್ಟು ಸಲ ಹೋಗಿಲ್ಲ! ಕಲ್ಲಿನ ಕಾಲುವೆ ತಲೆಯೆತ್ತರದಲ್ಲಿ ನೀರು ಹೊತ್ತು ಪುಷ್ಕರಣಿಗೆ ತಂದದ್ದು ನೋಡಿದ್ದೇನೆ. ರಾಣಿಯ ಸ್ನಾನದ ಕೊಳದ ಸುತ್ತಲಿನ ನೆರಳಿನ ಪಡಸಾಲೆಯಲ್ಲಿ ಕೂತು ಬುತ್ತಿ ಬಿಚ್ಚಿದ್ದೇನೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಈ ಊರಿನ ತೋಪುಗಳನ್ನು, ಮಾವು, ಹಲಸು, ನಿಂಬೆಯನ್ನು ಕಂಡು ಬೆರಗಾಗಿ ಬರೆದ. ಹುಲ್ಲಿನ ಹಾಸಿಗೆಯ ಆಸೆ ಆ ರಾಜರಿಗೇ ಇದ್ದಂತೆ ಕಾಣುವುದಿಲ್ಲ. ನನಗೆ ಇತ್ತು.

ಎರಡನೇ ನಕ್ಷೆಗೆ ಬಣ್ಣ ಹಾಕಲಿಲ್ಲ. ಊಟದ ಜಾಗಕ್ಕೆ ಪಡುವಣದಲ್ಲಿ ಹೊಂಗೆ ಮತ್ತು ಬೇವು, ಒಟ್ಟು ಹದಿನಾಲ್ಕು. ಮೊದಲಿನ ಬೇವಿಗೆ ಸುತ್ತಲೂ ಕಲ್ಲಿನ ಕಟ್ಟೆ. ಕಟ್ಟೆ ಕಟ್ಟಲು ಬಂದ ಮೇಸ್ತ್ರಿ, "ಎರಿ ಮಣ್ಣು ಮಳಿಗೆ ಉಬ್ಬತೈತಿ, ಬ್ಯಾಸಗಿಗೆ ಬಾಯಿ ಬಿಡತೈತಿ, ಗರಸು ಹತ್ತೋತನಕ ತೋಡಬೇಕು" ಅಂದ. ನಾನು ನಕ್ಷೆಯಲ್ಲಿ ಒಂದಡಿ ಬುನಾದಿ ಬರೆದಿದ್ದೆ. ಅವನು ಮೂರಡಿ ತೋಡಿಸಿದ. ಮಕ್ಕಳು ಕೈ, ತಾಟು ತೊಳೆಯುವ ನೀರು ಒಬ್ಬರಿಗೆ ಒಂದು ಲೀಟರ್ ಅಂದರೂ ದಿನಕ್ಕೆ 140 ಲೀಟರ್. ಅದಕ್ಕೊಂದು ಕಾಲುವೆ ತೆಗೆದು ನುಗ್ಗೆ, ಕರಿಬೇವು ಹಚ್ಚಿದೆವು. ಬಾಳೆ ಹಚ್ಚೋಣ ಅಂತ ಗುಂಪಿನ ಹುಡುಗರ ಆಸೆ. ಬೇಸಿಗೆ ರಜೆಯಲ್ಲಿ ಅದಕ್ಕೆ ನೀರು ಹಾಕುವವರು ಯಾರು ಅಂತ ಅಕ್ಕನೇ ಬೇಡ ಅಂದಳು.

ಹೆಡ್‌ಮಾಸ್ತರಿಗೆ ಬೇಜಾರಾಯಿತು. ಅವರು ಮೊದಲಿನ ಬಣ್ಣದ ನಕ್ಷೆಯನ್ನು ಗೋಡೆಯಿಂದ ತೆಗೆಯಲೇ ಇಲ್ಲ. "ಗೇಟಿಗೆ ಬಂದೋರಿಗೆ ಕಾಣಾಕ ಏನರ ಬೇಕಲ್ರಿ ಮೇಡಂ" ಅಂದರು. ಅವರ ಮಾತನ್ನು ತಳ್ಳಿಹಾಕಲಾರೆ. ಮೇಲಿನವರು ಬಂದರೆ ಕಟ್ಟೆ ನೋಡಿ ಹೊಗಳುವುದಿಲ್ಲ. ಗುಲಾಬಿ ನೋಡಿ ಹೊಗಳುತ್ತಾರೆ. ಕೊನೆಗೆ ಗೇಟಿನ ಬಳಿ ಎರಡು ಕಣಗಿಲೆ, ಒಂದು ಕಾಗದದ ಹೂವಿನ ಬಳ್ಳಿಗೆ ಒಪ್ಪಂದವಾಯಿತು.

ನನ್ನ ಪ್ರಾಜೆಕ್ಟಿಗೆ ಅಂಕ ಸಾಧಾರಣವಾಗಿ ಬಂತು. ಬಣ್ಣ ಹಾಕಬೇಕಿತ್ತು ಅನ್ನಿಸಿತು. ಈಗ ಸ್ನಾತಕೋತ್ತರಕ್ಕೆ ಇದೇ ವಿಭಾಗಕ್ಕೆ ಅರ್ಜಿ ಹಾಕಿದ್ದೇನೆ. ಹಣ್ಣಿನ ವಿಭಾಗ ಬಿಟ್ಟೆಯಾ ಅಂತ ಅಪ್ಪ ಒಮ್ಮೆ ಕೇಳಿದ, ಎರಡನೇ ಸಲ ಕೇಳಲಿಲ್ಲ.

ಮೊನ್ನೆ ಶಾಲೆ ಶುರುವಾದ ಮೇಲೆ ಆ ಊರಿಗೆ ಹೋಗಿದ್ದೆ. ಹದಿನಾಲ್ಕರಲ್ಲಿ ಒಂಬತ್ತು ಉಳಿದಿವೆ. ಎರಡನ್ನು ಆಡು ತಿಂದವು, ಮೂರು ಬೇಸಿಗೆಗೆ ಒಣಗಿದವು. ಉಳಿದವಕ್ಕೆ ಅಕ್ಕ ಜಾಲಿ ಮುಳ್ಳು ಕಟ್ಟಿದ್ದಾಳೆ. ನುಗ್ಗೆ ಸೊಪ್ಪು ಸಾರಿಗೆ ಬೀಳುತ್ತಿದೆ. ಕಟ್ಟೆ ಬಿರುಕು ಬಿಟ್ಟಿಲ್ಲ.

ಹೆಡ್‌ಮಾಸ್ತರು ಖುಷಿಯಲ್ಲಿ ಕೈ ಹಿಡಿದು ಎಳೆಯುವುದೊಂದು ಬಾಕಿ, ಕಾಲುವೆಯ ಹತ್ತಿರ ಕರೆದುಕೊಂಡು ಹೋದರು. "ನೋಡ್ರಿ ಮೇಡಂ, ನೀವು ಬ್ಯಾಡ ಅಂದ್ರೂ ಲಾನ್ ಬಂತು!" ತಾಟು ತೊಳೆದ ನೀರು ಹರಿದ ಜಾಗದಲ್ಲೆಲ್ಲ ಹಚ್ಚಗೆ, ದಟ್ಟವಾಗಿ ಕರಕಿ ಹಬ್ಬಿತ್ತು. ನುಗ್ಗೆಯ ಬುಡಕ್ಕೂ ಬಂದಿತ್ತು. ಯಾರೂ ಹಚ್ಚಿರಲಿಲ್ಲ.

ಅಜ್ಜನಿಗೆ ಅಲ್ಲಿಂದಲೇ ಫೋನು ಮಾಡಿದೆ. ಅವನು ಬಹಳ ಹೊತ್ತು ನಕ್ಕ. ಆಮೇಲೆ ದನಿ ಬದಲಿಸಿ, "ಕೈಯಿಂದ ಜಗ್ಗಬ್ಯಾಡ, ಹರಿತೈತಿ. ಬಾಜೂಕ ತೋಡಿ ಗೆಣ್ಣು ಹಿಡದು ಹೋಗು" ಅಂದ. ಗುದ್ದಲಿ ಕೇಳಿದೆ. ಅಕ್ಕ ಅಡುಗೆ ಕೋಣೆಯ ಹಿಂದಿನಿಂದ ತಂದುಕೊಟ್ಟಳು. ಹೆಡ್‌ಮಾಸ್ತರು ನೋಡುತ್ತಿದ್ದರು ಅಂತ ಧ್ವಜಕಟ್ಟೆಯ ಕಡೆಗೆ ಹಬ್ಬಿದ್ದನ್ನು ಮಾತ್ರ ಹಾಗೇ ಬಿಟ್ಟು, ನುಗ್ಗೆಯ ಬುಡದಿಂದ ಶುರುಮಾಡಿದೆ.