ಅಪ್ಪಯ್ಯನ ಒಸಡು: ಆರು ವಾರದ ದಿನಚರಿ

ಶುರುವಾಗಿದ್ದು ಹೀಗೆ

ನಮ್ಮ ಮನೆ ಶಿರಸಿ ಪೇಟೆಯಿಂದ ಒಳಗೆ, ಅಡಿಕೆ ತೋಟದ ಅಂಚಿಗೆ. ಅಪ್ಪಯ್ಯನಿಗೆ 68 ವರ್ಷ. ಕೆಳಗಿನ ಮುಂದಿನ ಹಲ್ಲುಗಳ ಒಸಡು ಊದಿ ತಿಂಗಳಾಗಿತ್ತು. ಕೇಳಿದರೆ "ಎಂತೂ ಆಜಿಲ್ಲೆ ತಂಗಿ" ಅನ್ನುತ್ತಿದ್ದರು. ಹತ್ತಿಗೆ ಲವಂಗದೆಣ್ಣೆ ಹಚ್ಚಿ ಇಟ್ಟುಕೊಳ್ಳುತ್ತಿದ್ದರು. ಅದರಿಂದ ಜಾಗ ಜೋಮು ಹಿಡಿದು ನೋವು ಗೊತ್ತಾಗುವುದಿಲ್ಲ ಅಷ್ಟೆ. ಊತದ ಕಾರಣ ಅಲ್ಲೇ ಇರುತ್ತದೆ.

ಅವತ್ತು ಏಕಾದಶಿ. ಬೆಳಗಿನಿಂದ ಅಪ್ಪಯ್ಯ ಕವಳ (ಎಲೆಯಡಿಕೆ) ಹಾಕಿರಲಿಲ್ಲ. ಸಂಜೆ ಹಲ್ಲುಜ್ಜಿ ಉಗಿದಾಗ ನೊರೆ ಕೆಂಪಾಗಿತ್ತು. ಬೇರೆ ದಿನವಾಗಿದ್ದರೆ ಕವಳದ ಕೆಂಪು ಅಂದುಕೊಂಡು ಸುಮ್ನೆ ಇರುತ್ತಿದ್ದೆ. ಎಷ್ಟು ದಿನದಿಂದ ರಕ್ತ ಬರುತ್ತಿತ್ತೋ ಏನೋ! ಕವಳ ಹಾಕುವ ಮನೆಗಳಲ್ಲಿ ಇದನ್ನು ಗಮನಿಸಲೇಬೇಕು ಅನ್ನಿಸಿತು. ಅದಕ್ಕೇ ಈ ದಿನಚರಿ.

ದಿನ 1

ಪೇಟೆಯ ಹಲ್ಲಿನ ಡಾಕ್ಟರ್ ಬಾಯಿ ನೋಡುವ ಮೊದಲು ಕೇಳಿದ್ದು ಮೂರೇ ಪ್ರಶ್ನೆ. ಸಕ್ಕರೆ ಕಾಯಿಲೆ ಇದೆಯಾ? ಯಾವ ಮಾತ್ರೆ ತಗೊಳ್ತೀರಿ? ದಿನಕ್ಕೆ ಎಷ್ಟು ಕವಳ, ತಂಬಾಕು ಹಾಕ್ತೀರಾ?

ಸಕ್ಕರೆ ಇಲ್ಲ. ಬಿಪಿಗೆ ಅಮ್ಲೋಡಿಪಿನ್ ಇದೆ. ಕವಳ ದಿನಕ್ಕೆ ಎಂಟು, ತಂಬಾಕು ಸೇರಿಸಿಯೇ.

ಅಮ್ಲೋಡಿಪಿನ್‌ನಿಂದ ಕೆಲವರಿಗೆ ಒಸಡು ಬೆಳೆದು ದಪ್ಪವಾಗುತ್ತದಂತೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್‌ನಿಂದಲೂ ಹಾಗೇ. ಹಲ್ಲಿನ ಬುಡದಲ್ಲಿ ಕೊಳೆ ಇದ್ದರೆ ಇದು ಇನ್ನೂ ಜಾಸ್ತಿ. ಹಾಗಂತ ಬಿಪಿ ಮಾತ್ರೆಯನ್ನು ನಾವೇ ನಿಲ್ಲಿಸಬಾರದು. ಹಲ್ಲಿನ ಡಾಕ್ಟರ್ ಚೀಟಿ ಬರೆದುಕೊಟ್ಟರು, ಅದನ್ನು ಬಿಪಿ ನೋಡುವ ಡಾಕ್ಟರಿಗೆ ತೋರಿಸಿದೆವು. ಅವರು ಬೇರೆ ಮಾತ್ರೆಗೆ ಬದಲಿಸಿದರು.

ಅಪ್ಪಯ್ಯನ ಮುಖ್ಯ ತೊಂದರೆ ಮಾತ್ರ ಪಾಚಿ. ಹಲ್ಲಿನ ಮೇಲೆ ಕೂರುವ ಅಂಟಿನಂಥ ಪದರದಲ್ಲಿ ಬ್ಯಾಕ್ಟೀರಿಯಾ ತುಂಬಿರುತ್ತವೆ. ತೆಗೆಯದಿದ್ದರೆ ಎಂಜಲಿನ ಕ್ಯಾಲ್ಸಿಯಂ ಸೇರಿ ಅದು ಕಲ್ಲಾಗುತ್ತದೆ. ಕೆಳಗಿನ ಮುಂದಿನ ಹಲ್ಲಿನ ಒಳಬದಿಗೆ ಇದು ಜಾಸ್ತಿ, ಎಂಜಲಿನ ನಾಳ ಅಲ್ಲೇ ತೆರೆಯುತ್ತದೆ. ಒಸಡು ಮತ್ತು ಹಲ್ಲಿನ ನಡುವಿನ ಸಂದನ್ನು ಸಣ್ಣ ಕಡ್ಡಿಯಿಂದ ಅಳೆದರು. 3 ಮಿಲಿಮೀಟರ್ ತನಕ ಸರಿ. ಅಪ್ಪಯ್ಯನಿಗೆ ಎರಡು ಕಡೆ 5 ಇತ್ತು.

ದಿನ 2

ಸ್ಕೇಲಿಂಗ್, ಅಂದರೆ ಹಲ್ಲಿನ ಕಲ್ಲು ಕೆರೆದು ತೆಗೆಯುವುದು, ಆಯಿತು. ಕಿತ್ತು ಬಂದ ಒಂದು ಚೂರನ್ನು ಡಾಕ್ಟರ್ ಹತ್ತಿಯ ಮೇಲಿಟ್ಟು ತೋರಿಸಿದರು. ಅಕ್ಕಿ ನುಚ್ಚಿನಷ್ಟು ದೊಡ್ಡದು, ಕಂದುಗಪ್ಪು, ಉಗುರಿನಿಂದ ಒತ್ತಿದರೂ ಒಡೆಯಲಿಲ್ಲ. ಇದನ್ನು ಯಾವ ಬ್ರಶ್ಶೂ ತೆಗೆಯಲಾರದು.

ಮನೆಗೆ ಬಂದ ಮೇಲೆ ಅಪ್ಪಯ್ಯನಿಗೆ ಗಾಬರಿ. ನಾಲಿಗೆಗೆ ಹಲ್ಲಿನ ಮಧ್ಯೆ ಸಂದು ಸಿಗುತ್ತಿತ್ತು, ತಣ್ಣೀರು ಜುಂ ಅನ್ನುತ್ತಿತ್ತು. ಸ್ಕೇಲಿಂಗ್ ಮಾಡಿಸಿದರೆ ಹಲ್ಲು ಸಡಿಲ ಆಗ್ತದೆ ಅಂತ ಊರಲ್ಲಿ ಎಲ್ಲರೂ ಹೇಳುವುದು ಇದಕ್ಕೇ. ಆ ಸಂದಿನಲ್ಲಿ ಮೊದಲು ಕಲ್ಲು ತುಂಬಿತ್ತು, ಈಗ ಅದು ಹೋಗಿದೆ, ಅಷ್ಟೇ ಅಲ್ವಾ?

ದಿನ 5

ಕಷ್ಟದ ದಿನ. ಉಜ್ಜಿದಾಗ ರಕ್ತ ಬಂತು, ಅಪ್ಪಯ್ಯ ಬ್ರಶ್ ಕೆಳಗಿಟ್ಟರು. ರಕ್ತ ಬರುವ ಜಾಗವನ್ನೇ ಬಿಟ್ಟು ಉಜ್ಜಿದರೆ ಅಲ್ಲೇ ಮತ್ತೆ ಕೊಳೆ ಕೂರುತ್ತದೆ, ಊತ ಇಳಿಯುವುದಿಲ್ಲ. 1965ರಲ್ಲಿ ಡೆನ್ಮಾರ್ಕಿನಲ್ಲಿ 12 ಜನ ಹಲ್ಲುಜ್ಜುವುದನ್ನು ಬೇಕಂತಲೇ ನಿಲ್ಲಿಸಿದ್ದರು. ಮೂರು ವಾರದೊಳಗೆ ಎಲ್ಲರ ಒಸಡೂ ಊದಿತು. ಮತ್ತೆ ಉಜ್ಜತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ಇಳಿಯಿತು. ಇದನ್ನು ಅಪ್ಪಯ್ಯನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಬ್ರಶ್ ತೆಗೆದುಕೊಂಡರು.

ಜಗಲಿಯಲ್ಲಿ ಕನ್ನಡಿ ಇಟ್ಟು ನಾನೇ ಕೈ ಹಿಡಿದು ತೋರಿಸಿದೆ. ಮೆತ್ತನೆಯ ಬ್ರಶ್. ಅದರ ಎಳೆಗಳು ಓರೆಯಾಗಿ ಒಸಡಿನ ಅಂಚಿಗೆ ತಾಗಬೇಕು. ಎರಡು ಹಲ್ಲಿಗೆ ಒಂದು ಜಾಗ, ಅಲ್ಲೇ ಸಣ್ಣಗೆ ಅಲುಗಿಸುವುದು. ಪಾತ್ರೆ ತಿಕ್ಕಿದ ಹಾಗೆ ತಿಕ್ಕಬಾರದು. ಪೂರ್ತಿ ಎರಡು ನಿಮಿಷ, ಬೆಳಿಗ್ಗೆ ಮತ್ತು ರಾತ್ರಿ. ಮೊದಲು ಬಳಸುತ್ತಿದ್ದ ಉಮಿ ಸುಟ್ಟ ಕರಿಯನ್ನು ನಿಲ್ಲಿಸಿದೆವು, ಅದು ಹಲ್ಲನ್ನೂ ಒಸಡನ್ನೂ ಸವೆಸುತ್ತದೆ. ಊಟದ ನಂತರ ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸುವುದು.

ದಿನ 12

ಒಸಡಿನ ಬಣ್ಣ ಕಡುಕೆಂಪಿನಿಂದ ತಿಳಿಗೆಂಪಿಗೆ ಬಂದಿದೆ. ಎಡ ದವಡೆಯ ಹಿಂದೆ ಮಾತ್ರ ಹಾಗೇ.

ಈ ವಾರ ಪಕ್ಕದ ಮನೆಯವರು ಫೋಟೊ ಕಳಿಸಿದ್ದರು. ಒಸಡಿನಲ್ಲಿ ಕೀವು, ಊತ ಕೆನ್ನೆಗೂ ಹಬ್ಬಿತ್ತು, ಜ್ವರ ಬೇರೆ. ಅಂಥದ್ದಕ್ಕೆ ಉಪ್ಪುನೀರು ನೆಚ್ಚಿ ಕೂರಬಾರದು, ಅವತ್ತೇ ಆಸ್ಪತ್ರೆಗೆ ಹೋಗಬೇಕು. ನುಂಗಲು ಅಥವಾ ಉಸಿರಾಡಲು ಕಷ್ಟವಾದರಂತೂ ಒಂದು ಗಂಟೆಯೂ ಕಾಯಬಾರದು.

ದಿನ 27

ಕವಳದ ಮಾತು. ಇದನ್ನು ಬರೆಯುವುದು ನನಗೆ ಸುಲಭವಲ್ಲ. ನಮ್ಮ ಅನ್ನ ಅಡಿಕೆಯದ್ದು, ನಾನು ಓದಿದ್ದೂ ಅದರಲ್ಲೇ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲೇ ಅಡಿಕೆ ಅಗಿಯುವುದರಿಂದ ಕ್ಯಾನ್ಸರ್ ಬರುತ್ತದೆ ಎಂದಿದೆ, ತಂಬಾಕು ಇಲ್ಲದಿದ್ದರೂ. ಅಪ್ಪಯ್ಯನಿಗೆ ಅದನ್ನೇ ಓದಿ ಹೇಳಿದೆ. ಅವರು ಬಟ್ಟಲಿನಿಂದ ತಂಬಾಕಿನ ಡಬ್ಬಿ ತೆಗೆದು ಆಯಿಯ ಕೈಗೆ ಕೊಟ್ಟರು. ಎಂಟು ಕವಳ ಈಗ ಮೂರಕ್ಕೆ ಇಳಿದಿದೆ. ಸೊನ್ನೆಗೆ ಬರಲಿ ಅಂತ ನನ್ನಾಸೆ.

ದಿನ 43

ಮತ್ತೆ ಅಳತೆ. ಮುಂದಿನ ಜಾಗ 5ರಿಂದ 3ಕ್ಕೆ ಇಳಿದಿದೆ. ಎಡ ದವಡೆ ಇನ್ನೂ 4. ಅಲ್ಲಿ ಒಳಗಿನ ಮೂಳೆ ಸ್ವಲ್ಪ ಕರಗಿದೆ, ಅದು ತಾನಾಗಿ ಮತ್ತೆ ಬೆಳೆಯುವುದಿಲ್ಲ. ಇದ್ದಷ್ಟನ್ನು ಉಳಿಸಿಕೊಳ್ಳಬೇಕು. ಹಲ್ಲಿನ ಸಂದಿಗೆ ಹಾಕುವ ಪುಟ್ಟ ಬ್ರಶ್ ಕೊಟ್ಟಿದ್ದಾರೆ. ಮೂರು ತಿಂಗಳಿಗೆ ಮತ್ತೆ ಹೋಗಬೇಕು.

ರಾತ್ರಿ ಅಪ್ಪಯ್ಯ ಉಗಿದ ನೊರೆ ನೋಡಿದೆ. ತಿಳಿಗೆಂಪು ಇತ್ತು. ಕವಳದ್ದೋ ರಕ್ತದ್ದೋ ಗೊತ್ತಾಗಲಿಲ್ಲ. ಗುರುವಾರ ಏಕಾದಶಿ, ಅವತ್ತು ನೋಡಿ ಬರೆಯುತ್ತೇನೆ.