ಕಾಗೆ ಮತ್ತು ಹಲ್ಲುಸೆಟ್ಟು: ನಾಲ್ಕನೇ ತಿಂಗಳು, 41 ಸೆಕೆಂಡ್

ಬೊಂಬೆಗಳನ್ನು ಚೂರುಚೂರೇ ಕದಲಿಸಿ, ಒಂದೊಂದೇ ಫೋಟೋ ತೆಗೆದು ಮಾಡುತ್ತಿರುವ ನನ್ನ ಸಿನಿಮಾದಲ್ಲಿ ಈ ತಿಂಗಳು 41 ಸೆಕೆಂಡ್ ಮುಗಿಯಿತು. ಅಂದರೆ 492 ಫೋಟೋ. ಸೆಕೆಂಡಿಗೆ 24 ಫ್ರೇಮ್ ಬೇಕು, ಆದರೆ ಒಂದೊಂದು ಫೋಟೋವನ್ನು ಎರಡೆರಡು ಫ್ರೇಮ್ ಹಿಡಿದರೆ 12 ಫೋಟೋ ಸಾಕು. ಪೂರ್ತಿ ಸಿನಿಮಾ ಆರು ನಿಮಿಷ, 4320 ಫೋಟೋ.

ಕತೆ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಎಂಟು ವರ್ಷದ ಪುಟ್ಟನಿಗೆ ತಾತ ಬೈಯುತ್ತಾರೆ. ಸಿಟ್ಟಿನಲ್ಲಿ ಅವನು ತಾತನ ಹಲ್ಲುಸೆಟ್ಟನ್ನು ಎತ್ತಿ ದೇವರ ಪಟದ ಹಿಂದೆ ಬಚ್ಚಿಡುತ್ತಾನೆ. "ದೇವ್ರೇ, ತಾತ ಇನ್ಮೇಲೆ ಮಾತಾಡ್ಲೇಬಾರ್ದು" ಎಂದು ಕೈ ಮುಗಿಯುತ್ತಾನೆ. ಎರಡು ದಿನ ಬರೀ ಗಂಜಿ ಕುಡಿದು ತಾತ ತೀರಿಕೊಳ್ಳುತ್ತಾರೆ. ಹನ್ನೊಂದನೇ ದಿನ ತಾರಸಿಯ ಮೇಲೆ ಎಡೆ ಇಡುತ್ತಾರೆ. ಕಾಗೆ ಮುಟ್ಟುವುದಿಲ್ಲ. ಹೋದವರಿಗೆ ಏನೋ ಆಸೆ ಉಳಿದಿದೆ ಅಂತ ತಾನೇ ಅರ್ಥ? ಒಬ್ಬೊಬ್ಬರೇ ಮಾತು ಕೊಡಲು ಶುರು ಮಾಡುತ್ತಾರೆ. "ಅಪ್ಪಾ, ಸೈಟ್ ಮಾರಲ್ಲ, ತಿನ್ನಪ್ಪಾ." "ಮಾವಾ, ನಾದಿನಿ ಮದುವೆ ನಾವೇ ನಿಂತು ಮಾಡ್ತೀವಿ, ತಿನ್ನಿ ಮಾವಾ." ನಿಜವಾದ ಕಾರಣ ಗೊತ್ತಿರುವವನು ಪುಟ್ಟ ಒಬ್ಬನೇ. ಅವನು ಮೆಲ್ಲಗೆ ಹಲ್ಲುಸೆಟ್ಟನ್ನು ತಂದು ಎಲೆಯ ಪಕ್ಕ ಇಡುತ್ತಾನೆ. ಕಾಗೆ ಅನ್ನ ಬಿಟ್ಟು ಅದನ್ನೇ ಕಚ್ಚಿಕೊಂಡು ಹಾರಿಹೋಗುತ್ತದೆ.

ಮೊದಲು ಕಾಗೆಗೆ ದೊಡ್ಡ ತಮಾಷೆ ಕಣ್ಣು ಇಟ್ಟಿದ್ದೆ. ನೋಡಿದವರು ಎಡೆ ಇಡುವುದನ್ನೇ ನೋಡಿ ನಕ್ಕರು. ಅದು ನನಗೆ ಬೇಡ. ಎಡೆ ಇಟ್ಟು ಆಕಾಶ ನೋಡುತ್ತಾ ನಿಲ್ಲುವ ಆ ಹೊತ್ತು ಎಷ್ಟು ಭಾರ ಅಂತ ನಮ್ಮ ಮನೆಯಲ್ಲೇ ಕಂಡಿದ್ದೇನೆ. ನಗು ಬರಬೇಕಾದ್ದು ದೊಡ್ಡವರ ಚೌಕಾಸಿ ಕೇಳಿ. ಪುಟ್ಟನ ಭಯ ಮಾತ್ರ ಪೂರ್ತಿ ನಿಜ ಇರಬೇಕು. ಅದಕ್ಕೇ ಈಗ ಕ್ಯಾಮೆರಾವನ್ನು ಪುಟ್ಟನ ಕಣ್ಣಿನ ಮಟ್ಟಕ್ಕೆ ಇಳಿಸಿದ್ದೇನೆ. ಬೊಂಬೆ 14 ಸೆಂಟಿಮೀಟರ್ ಎತ್ತರ ಇದೆ. ದೊಡ್ಡವರ ತಲೆ ಫ್ರೇಮಿನಲ್ಲಿ ಬರುವುದೇ ಇಲ್ಲ. ಪಂಚೆಯ ಅಂಚು, ಬಳೆ ಹಾಕಿದ ಕೈ, ಅಷ್ಟೇ.

ಕಾಗೆಗಾಗಿ ಎರಡು ವಾರ ಹನುಮಂತನಗರದ ನಮ್ಮ ತಾರಸಿಯಲ್ಲಿ ಬೆಳಗ್ಗೆ ಸುಮ್ನೆ ಕೂತು ನೋಡಿದೆ. ಕಾಗೆ ನೇರವಾಗಿ ಅನ್ನದ ಹತ್ತಿರ ಬರುವುದೇ ಇಲ್ಲ. ಮೊದಲು ನೀರಿನ ಟ್ಯಾಂಕಿನ ಮೇಲೆ ಕೂರುತ್ತದೆ. ಆಮೇಲೆ ಗೋಡೆಗೆ ಬರುತ್ತದೆ. ಕಣ್ಣು ತಲೆಯ ಎರಡು ಪಕ್ಕದಲ್ಲಿ ಇರುವುದರಿಂದ ಕತ್ತು ವಾರೆ ಮಾಡಿ ಒಂದೇ ಕಣ್ಣಲ್ಲಿ ನೋಡುತ್ತದೆ. ಆ ವಾರೆ ನೋಟಕ್ಕೇ 30 ಫೋಟೋ ಕೊಟ್ಟೆ. ಊರ ಕಾಗೆಯ ಕತ್ತು ಬೂದು ಬಣ್ಣ, ಅದು ಒಳ್ಳೆಯದೇ ಆಯಿತು. ಪೂರ್ತಿ ಕಪ್ಪು ಇದ್ದಾಗ ತಲೆ ಎಲ್ಲಿ ತಿರುಗಿತು ಅಂತಲೇ ಕಾಣುತ್ತಿರಲಿಲ್ಲ.

ಮಾತಿಗೆ ತಕ್ಕಂತೆ ಪುಟ್ಟನ ತುಟಿ ಆಡಿಸುವ ಕೆಲಸ ತುಂಬ ಖುಷಿ ಕೊಟ್ಟಿತು. ಇಂಟರ್‌ನೆಟ್‌ನಲ್ಲಿ ನನಗೆ ಸಿಕ್ಕ, ಯಾವ ಸದ್ದಿಗೆ ಬಾಯಿ ಹೇಗಿರಬೇಕು ಅಂತ ತೋರಿಸುವ ಚಾರ್ಟ್‌ಗಳೆಲ್ಲ ಇಂಗ್ಲಿಷಿಗೆ ಮಾಡಿದವು. ನಮ್ಮ ಮಾತು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತದೆ. ತಿನ್ನಿ, ಬಾ, ಹೋಗು. ಹಾಗಾಗಿ ಮಾತು ನಿಂತ ಮೇಲೂ ಬಾಯಿ ಒಂದು ಕ್ಷಣ ತೆರೆದೇ ಇರಬೇಕು. ಕೂಡಲೇ ಮುಚ್ಚಿದರೆ ಡಬ್ಬಿಂಗ್ ಸಿನಿಮಾದ ಥರ ಕಾಣುತ್ತದೆ. ಒಂಬತ್ತು ಆಕಾರದ ಬಾಯಿ ಮಾಡಿದ್ದೇನೆ. "ಕಾ... ಕಾ..." ಎಂದು ಕರೆಯುವಾಗ ಒಂದೇ ಬಾಯಿಯನ್ನು ಐದೈದು ಫೋಟೋ ಹಿಡಿದೆ.

ಸೆಟ್ಟಿಗೆ ಇಟ್ಟಿದ್ದ ನಿಜವಾದ ಬಾಳೆ ಎಲೆಯ ತುಂಡು ದೀಪದ ಬಿಸಿಗೆ ಒಂದು ಗಂಟೆಯಲ್ಲೇ ಬಾಡಿತು. ಈಗ ಹಸಿರು ಕಾಗದಕ್ಕೆ ಮೇಣ ಹಚ್ಚಿದ್ದೇನೆ. ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ, ಎಸ್‌ಪಿ ರೋಡಿನಿಂದ ತಂದ ಎಲ್‌ಇಡಿಯಲ್ಲೇ ಎಲ್ಲ ತೆಗೆಯುತ್ತಿದ್ದೇನೆ. ನಮ್ಮ ಕರೆಂಟ್ 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿನುಗಬಹುದು. ಶಟರನ್ನು ಅರ್ಧ ಸೆಕೆಂಡ್ ತೆರೆದಿಟ್ಟ ಮೇಲೆ ಆ ಮಿನುಗು ಫೋಟೋದಲ್ಲಿ ಕಾಣುತ್ತಿಲ್ಲ. ಪಕ್ಕದ ಸೈಟಿನಲ್ಲಿ ಪಾಯ ತೆಗೆಯುತ್ತಿದ್ದಾರೆ, ಹಗಲೆಲ್ಲ ಮೇಜು ನಡುಗುತ್ತದೆ. ಅದಕ್ಕೇ ರಾತ್ರಿ ಹನ್ನೊಂದರ ಮೇಲೆ ಕೆಲಸ.

ಕಳೆದ ಭಾನುವಾರ ಸಿನಿಮಾದಲ್ಲಿ ಬರುವ ಪುಟ್ಟನ ಅಜ್ಜಿಯ ದನಿ ರೆಕಾರ್ಡ್ ಮಾಡಿದೆ. ದನಿ ಕೊಟ್ಟಿದ್ದು ನಮ್ಮಮ್ಮ. ಕಾಗೆ ಹಲ್ಲುಸೆಟ್ಟು ಎತ್ತಿಕೊಂಡು ಹೋಗಿದ್ದನ್ನು ಅಜ್ಜಿ ಮಾತ್ರ ನೋಡಿರುತ್ತಾರೆ. ಅಲ್ಲಿ ಅಜ್ಜಿಗೆ ನಾನು ಬರೆದಿದ್ದ ಮಾತು, "ಅಯ್ಯೋ, ಹಲ್ಲು!" ಅಮ್ಮ ಎರಡು ಸಲ ಹಾಗೇ ಹೇಳಿದರು. ಮೂರನೇ ಸಲ ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಳ್ಳೇದಾಯ್ತು. ಇನ್ನು ಚಕ್ಲಿ ತಿನ್ಲಿ" ಅಂದರು.

ನಾನು ಬರೆದದ್ದಕ್ಕಿಂತ ಎಷ್ಟೋ ಚೆನ್ನಾಗಿದೆ. ಅಜ್ಜಿಗೆ ಎಲ್ಲ ಗೊತ್ತಿತ್ತು ಅಂತ ಅದರಲ್ಲೇ ತಿಳಿಯುತ್ತದೆ. ಪುಟ್ಟನಿಗೆ ಕ್ಷಮೆ ಸಿಕ್ಕಿತು. ತಾತ ಎಲ್ಲೋ ಇದ್ದಾರೆ ಎನ್ನುವ ನಂಬಿಕೆಯೂ ಉಳಿಯಿತು. ಅದನ್ನೇ ಇಟ್ಟುಕೊಂಡೆ.

ಆದರೆ ಎಡೆಯಲ್ಲಿ ಚಕ್ಲಿಯೇ ಇಲ್ಲ. ಎಲೆ ಕಾಣುವ ಆರು ಸೆಕೆಂಡನ್ನು ಮತ್ತೆ ತೆಗೆಯಬೇಕು, 72 ಫೋಟೋ. ನಿನ್ನೆ ರಾತ್ರಿ ಹಳದಿ ಜೇಡಿಯನ್ನು ದಾರದಷ್ಟು ಸಣ್ಣಗೆ ಹೊಸೆದು ಮೂರು ಚಕ್ಲಿ ಸುತ್ತಿದೆ. ಮುಳ್ಳುಗಳನ್ನು ಸೂಜಿಯಲ್ಲಿ ಎಬ್ಬಿಸಿದೆ. ಒಂದೊಂದೂ ಉದ್ದಿನ ಕಾಳಿನಷ್ಟು ಇದೆ.